ಅಕ್ಕ ಎತ್ತಿದ ಎಡಗೈ

ಶಹಾಬಾದಿನಲ್ಲಿ ಅಕ್ಕನ ಮನೆಯ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಬುದ್ಧವಿಹಾರವಿದೆ. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ವಂದನೆ ನಡೆಯುತ್ತದೆ. ಆಗೆಲ್ಲ ಅಕ್ಕ ಮುಂದೆ ಕುಳಿತು ಒಂದೊಂದೇ ಸಾಲು ಹೇಳುತ್ತಿದ್ದಳು, ಉಳಿದವರು ಅದನ್ನೇ ತಿರುಗಿ ಹೇಳುತ್ತಿದ್ದರು. ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಕಲಿಸಿ ಕಲಿಸಿ ಅವಳ ದನಿ ಗಟ್ಟಿಯಾಗಿತ್ತು, ಮೈಕು ಬೇಕಾಗುತ್ತಿರಲಿಲ್ಲ. ನಾನು ಚಿತ್ತಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ತಿಂಗಳಿಗೊಮ್ಮೆಯಾದರೂ ಶನಿವಾರ ಸಂಜೆ ವಾಡಿ ಊರಿನ ಮೇಲೆ ಹಾಯ್ದು ಅವಳ ಮನೆಗೆ ಬಂದುಬಿಡುತ್ತೇನೆ. ಹಾಗೆ ಬಂದಿದ್ದ ಒಂದು ಭಾನುವಾರ ಇದು ನಡೆಯಿತು.

ವಂದನೆಯ ನಡುವೆ ಒಂದು ಶಬ್ದ ಅಕ್ಕನ ನಾಲಗೆಯ ಮೇಲೆ ಹೊರಳಿ ಬೇರೆ ಏನೋ ಆಗಿ ಬಂತು. ರೂಢಿಯಂತೆ ನಾವೆಲ್ಲ ಅದನ್ನೇ ತಿರುಗಿ ಹೇಳಿದೆವು. ಮುಂದಿನ ಸಾಲು ಬರೀ ಗೊಣಗು. ಅದನ್ನೂ ಒಂದಿಬ್ಬರು ತಿರುಗಿ ಹೇಳಿದರು. ಆಮೇಲೆ ಅಕ್ಕ ತಿರುಗಿ ನಮ್ಮ ಕಡೆ ನೋಡಿದಳು. ಬಾಯಿಯ ಬಲಭಾಗ ಕೆಳಗೆ ಜಾರಿತ್ತು. ಏಳಲು ಬಲಗೈ ಊರಿದಳು, ಕೈ ಭಾರ ತಡೆಯಲಿಲ್ಲ, ಪಕ್ಕಕ್ಕೆ ವಾಲಿದಳು.

ಹಿಂದೆ ಕುಳಿತಿದ್ದ ಹಿರಿಯರೊಬ್ಬರು, "ಲಕ್ವಾ ಹೊಡದಾದ. ನೀರು ಗೀರು ಕುಡಸಬ್ಯಾಡ್ರಿ, ಮಲಗಸ್ರಿ," ಎಂದರು. ಒಬ್ಬ ಹೆಣ್ಣುಮಗಳು ಸೇಡಂ ದಾಟಿದ ಮೇಲೆ ಒಂದು ಹಳ್ಳಿಯಲ್ಲಿ ಲಕ್ವಾಕ್ಕೆ ಔಷಧ ಕೊಡುತ್ತಾರೆ, ಪಾರಿವಾಳದ ರಕ್ತ ತಿಕ್ಕಿದರೆ ಕೈಕಾಲು ಬರುತ್ತದೆ ಎಂದಳು. ಅವಳದು ಕೆಟ್ಟ ಮನಸ್ಸಲ್ಲ. ಅವಳ ತಾಯಿಯನ್ನು ಅಲ್ಲಿಗೇ ಒಯ್ದಿದ್ದರಂತೆ. ನನಗೆ ಮಾತ್ರ ನಮ್ಮ ಶಾಲೆಯಲ್ಲಿ ಆರೋಗ್ಯ ಇಲಾಖೆಯವರು ಹೇಳಿಹೋಗಿದ್ದ ಒಂದೇ ಮಾತು ನೆನಪಿಗೆ ಬಂತು: ಮುಖ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಕಾಯಬಾರದು.

ಅಷ್ಟರಲ್ಲಿ ಯಾರೋ ಓಡಿಹೋಗಿ ಅಕ್ಕನ ಗಂಡನನ್ನು ಕರೆತಂದರು. ನಾನು ಅವರನ್ನು ಮಾಮಾ ಎಂದೇ ಕರೆಯುವುದು. ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಯಂತ್ರದ ಮೇಲೆ ಕೆಲಸ ಮಾಡುವವರು. ಆ ಸದ್ದಿನ ನಡುವೆ ವರ್ಷಗಟ್ಟಲೆ ಇದ್ದು ಮಾತು ಕಡಿಮೆಯಾಗಿ, ಹೇಳಬೇಕಾದ್ದನ್ನು ಕಣ್ಣಲ್ಲೇ ಹೇಳುತ್ತಾರೆ. ತಲೆಯಿಂದ ನೀರು ಇಳಿಯುತ್ತಿತ್ತು, ಸ್ನಾನದ ನಡುವೆಯೇ ಬಂದಿದ್ದರು. ಅಕ್ಕನ ಮುಂದೆ ಕುಳಿತು, "ಏ, ಏನಾಗ್ಲಿಕತ್ತದ, ಹೇಳ್," ಎಂದರು. ಅಕ್ಕ ಬಾಯಿ ತೆರೆದಳು. ಬಂದದ್ದು ಒಂದೇ ಸ್ವರ.

ಓಣಿಯವರೊಬ್ಬರ ಜೀಪಿನಲ್ಲಿ ಅವಳನ್ನು ಮಲಗಿಸಿಕೊಂಡು ಮೊದಲು ಊರಿನ ದವಾಖಾನೆಗೆ ಹೋದೆವು. ಅಲ್ಲಿಯ ಡಾಕ್ಟರು ಅವಳ ಮುಖ ನೋಡಿದ ಕೂಡಲೇ ಫೋನು ಎತ್ತಿ ಕಲಬುರಗಿಯ ಆಸ್ಪತ್ರೆಯೊಂದಕ್ಕೆ ಮಾತಾಡಿದರು. "ಸ್ಕ್ಯಾನ್ ಅಲ್ಲೇ ಆಗಬೇಕು. ನಿಂದ್ರಬ್ಯಾಡ್ರಿ, ಹೋಗ್ರಿ," ಎಂದು ನಮ್ಮನ್ನು ಹೊರಗಟ್ಟಿದರು. ದಾರಿಯಲ್ಲಿ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಕಣ್ಣು ತೆರೆದೇ ಇತ್ತು. ಅವಳು ಜೀಪಿನ ಚಾವಣಿಯನ್ನು ನೋಡುತ್ತ ಏನನ್ನೋ ಜೋಡಿಸಿಕೊಳ್ಳಲು ಯತ್ನಿಸುತ್ತಿದ್ದಳು ಎಂದು ನನಗೆ ಅನ್ನಿಸುತ್ತಿತ್ತು. ಮಾಮಾ ಮುಂದಿನ ಸೀಟಿನಿಂದ ಹಿಂದಕ್ಕೆ ಕೈ ಚಾಚಿ ಅವಳ ಪಾದ ಹಿಡಿದುಕೊಂಡಿದ್ದರು.

ಕಲಬುರಗಿಯಲ್ಲಿ ನಮ್ಮನ್ನು ಕಂಡವರು ಬೀದರ ಕಡೆಯ ಒಬ್ಬ ಡಾಕ್ಟರಮ್ಮ. ವಯಸ್ಸು ನನಗಿಂತ ಕಡಿಮೆ. ಅವರ ಮೊದಲ ಪ್ರಶ್ನೆ, "ಇವ್ರು ಕಡೀಕ ಚಂದಾಗಿ ಇದ್ದದ್ದು ಯಾವಾಗ?"

ಹೆಚ್ಚಿನವರಿಗೆ ಇದಕ್ಕೆ ಉತ್ತರ ಗೊತ್ತಿರುವುದಿಲ್ಲವಂತೆ. ಒಬ್ಬರು ಹೊಲದಲ್ಲಿ ಒಂಟಿಯಾಗಿರುತ್ತಾರೆ, ಇನ್ನೊಬ್ಬರು ಮಲಗಿರುತ್ತಾರೆ. ಅಕ್ಕನ ದನಿ ಮಾತ್ರ ಒಂದು ವಿಹಾರ ತುಂಬ ಜನರ ಕಿವಿಯಲ್ಲೇ ಕೆಟ್ಟಿತ್ತು. ಯಾವ ಸಾಲಿನಲ್ಲಿ ಎಂಬುದನ್ನು ಕೂಡ ಹೇಳಬಲ್ಲೆವು. ನಾನು ಹೇಳಿದೆ. ಡಾಕ್ಟರಮ್ಮ ಗಡಿಯಾರ ನೋಡಿ, "ಭಾಳ ಚಲೋ ಆಯ್ತು. ಔಷಧ ಕೊಡ್ಲಿಕ್ಕ ಇನ್ನೂ ವ್ಯಾಳ್ಯಾ ಅದ," ಎಂದರು.

ರಕ್ತ ತೆಗೆದುಕೊಂಡರು, ಬಿ.ಪಿ. ನೋಡಿದರು, ಸಕ್ಕರೆ ನೋಡಿದರು, ಸ್ಕ್ಯಾನಿಗೆ ಒಯ್ದರು. ತಿರುಗಿ ಬಂದ ಮೇಲೆ ಡಾಕ್ಟರಮ್ಮ ನಮ್ಮನ್ನು ಹಾಸಿಗೆಯ ಪಕ್ಕಕ್ಕೇ ಕರೆದು ನಿಲ್ಲಿಸಿಕೊಂಡರು.

"ಮೆದುಳಿಗಿ ಹೋಗೋ ಒಂದು ರಕ್ತನಾಳದಾಗ ಹೆಪ್ಪು ಸಿಕ್ಕೊಂಡದ. ಅದನ್ನ ಕರಗಸ್ಲಿಕ್ಕ ಒಂದು ಸೂಜಿ ಅದ. ಈಗ ಕೊಟ್ರ ಮಾತು, ಕೈ ತಿರುಗಿ ಬರೋ ಸಾಧ್ಯತಾ ಹೆಚ್ಚಾಗ್ತದ. ಆದ್ರ ಒಂದು ಮಾತು ನಿಮ್ಗ ಮೊದಲೇ ಹೇಳಬೇಕು. ಹೆಪ್ಪು ಕರಗಸೋ ಔಷಧ ಮೆದುಳಿನಾಗ ರಕ್ತ ಸೋರಸಲೂಬಹುದು. ಅದು ಜೋರಾದ್ರ ಜೀವಕ್ಕ ಅಪಾಯ."

ರಕ್ತ ಎಂಬ ಮಾತು ಕೇಳಿದ್ದೇ ಮಾಮಾ ಒಂದು ಹೆಜ್ಜೆ ಹಿಂದೆ ಸರಿದರು.

"ಬ್ಯಾಡ್ರಿ," ಎಂದರು. "ಆ ಸೂಜಿ ಬ್ಯಾಡ."

ನನಗೆ ಕಾರಣ ಗೊತ್ತಿತ್ತು. ಮಾಮಾನ ಅಣ್ಣ ಸೇಡಮ್ಮಿನಲ್ಲಿ ಲಾರಿ ಓಡಿಸುತ್ತಿದ್ದವರು. ಹಲವು ವರ್ಷಗಳ ಹಿಂದೆ ತಲೆಯಲ್ಲಿ ರಕ್ತನಾಳ ಒಡೆದು ಮಾಮಾನ ತೋಳಿನಲ್ಲೇ ಹೋಗಿಬಿಟ್ಟಿದ್ದರು. ಅಂದಿನಿಂದ ಮನೆಯಲ್ಲಿ ಯಾರಿಗಾದರೂ ಮೂಗಿನಿಂದ ಒಂದು ಹನಿ ರಕ್ತ ಬಂದರೂ ಅವರು ಎದ್ದು ಹೊರಗೆ ಹೋಗುತ್ತಿದ್ದರು. ಡಾಕ್ಟರಮ್ಮನಿಗೆ ನಾನು ಇದನ್ನು ಹೇಳಿದೆ. ಅವರು ಅವಸರ ಮಾಡಲಿಲ್ಲ. ಅವಸರ ಮಾಡಬೇಕಾದವರು ಅವರೇ ಆಗಿದ್ದರೂ ಮಾಮಾನ ಕಡೆ ಪೂರ್ತಿ ತಿರುಗಿ ನಿಂತರು.

"ಅಣ್ಣೋರೆ, ನಿಮ್ಮ ಅಣ್ಣಗ ಆಗಿದ್ದು ಬ್ಯಾರೆ. ಅವ್ರಿಗಿ ನಾಳ ಒಡದಿತ್ತು. ಇವ್ರಿಗಿ ನಾಳ ಮುಚ್ಚ್ಯದ. ಸ್ಕ್ಯಾನ್‌ದಾಗ ನೋಡೀನಿ, ಈಗ ರಕ್ತ ಎಲ್ಲೂ ಇಲ್ಲ."

"ಈಗ ಇಲ್ಲ. ಸೂಜಿ ಕೊಟ್ಟ ಮ್ಯಾಲ?"

"ಅದನ್ನೇ ಲೆಕ್ಕ ಹಾಕೋದು." ಅವರು ಬೆರಳು ಮಡಚದೆ, ಸುಮ್ಮನೆ ಮಾತಾಡುವಂತೆ ಹೇಳುತ್ತ ಹೋದರು. ವಯಸ್ಸು ಭಾಳ ಹೆಚ್ಚಾಗಿದ್ದರೆ ರಕ್ತ ಸೋರುವ ಭಯ ಜಾಸ್ತಿ. ಅಕ್ಕನಿಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ. ರಕ್ತ ತೆಳ್ಳಗೆ ಮಾಡುವ ಗುಳಿಗೆ ನುಂಗುತ್ತಿದ್ದರೆ ಭಯ ಜಾಸ್ತಿ. ಅವಳು ನುಂಗುತ್ತಿಲ್ಲ. ಮೆದುಳಿನ ದೊಡ್ಡ ಭಾಗ ಆಗಲೇ ಸತ್ತಿದ್ದರೆ ಭಯ ಜಾಸ್ತಿ. ಸ್ಕ್ಯಾನಿನಲ್ಲಿ ಹಾಗೆ ಕಾಣುತ್ತಿಲ್ಲ. ಸಕ್ಕರೆ ಮಾತ್ರ ಹೆಚ್ಚಿದೆ, ಬಿ.ಪಿ. ಭಾಳ ಹೆಚ್ಚಿದೆ. ಬಿ.ಪಿ.ಯನ್ನು ಮೊದಲು ಇಳಿಸಿಕೊಂಡೇ ಸೂಜಿ ಕೊಡಬೇಕು, ಇಳಿಯದಿದ್ದರೆ ಕೊಡುವ ಹಾಗಿಲ್ಲ.

"ಎಲ್ಲಾ ಕೂಡಿಸಿ ನೋಡಿದ್ರ ಇವ್ರಿಗಿ ಅಪಾಯ ಇಲ್ಲಂತ ಅಲ್ಲ. ಆದ್ರ ಫಾಯ್ದೆ ಅದಕ್ಕಿಂತ ದೊಡ್ಡದು," ಎಂದರು.

ನಾನು ಕೇಳಿದೆ, "ಮೇಡಂ, ಇವ್ರಿಗೇ ಆಗ್ತದೋ ಇಲ್ಲೋ ಅಂತ ಹೇಳ್ಲಿಕ್ಕ ಬರಂಗಿಲ್ಲೇನ್ರಿ?"

"ಇಲ್ರಿ. ಇವ್ರಂಥ ನೂರು ಮಂದಿ ಸಾಲಾಗಿ ನಿಂತ್ರ ಕೆಲವರಿಗಿ ಆಗ್ತದ, ಭಾಳ ಮಂದಿಗಿ ಆಗಂಗಿಲ್ಲ ಅಂತ ಹೇಳಬಲ್ಲೆ. ಆ ಸಾಲಿನಾಗ ನಿಮ್ಮಕ್ಕ ಎಲ್ಲಿ ನಿಂತಾರಂತ ನನಗೂ ಗೊತ್ತಿಲ್ಲ."

ಸಂಭವನೀಯತೆಯ ಪಾಠವನ್ನು ನಾನು ಪ್ರತಿ ವರ್ಷ ನಾಣ್ಯ ಚಿಮ್ಮಿಸಿ ಕಲಿಸುತ್ತೇನೆ. ಮಕ್ಕಳು ನಾಣ್ಯ ನೋಡಿ ನಗುತ್ತಾರೆ, ನಾನೂ ನಗುತ್ತೇನೆ. ಅಲ್ಲಿ ಆ ಹಾಸಿಗೆಯ ಪಕ್ಕದಲ್ಲಿ ನಿಂತು, ಆ ಪಾಠದ ಒಳಗೆ ಇಷ್ಟು ಭಾರದ ಮಾತೊಂದು ಇತ್ತೆಂದು ನನಗೆ ಮೊದಲ ಸಲ ತಿಳಿಯಿತು. ಆದರೂ ಡಾಕ್ಟರಮ್ಮನ "ಗೊತ್ತಿಲ್ಲ" ಎಂಬ ಮಾತು ನನ್ನನ್ನು ಹೆದರಿಸಲಿಲ್ಲ. ಗೊತ್ತಿದ್ದದ್ದು ಎಷ್ಟು, ಗೊತ್ತಿಲ್ಲದ್ದು ಎಷ್ಟು ಎಂದು ಬಿಡಿಸಿ ಹೇಳುವವರ ಕೈಗೆ ಅಕ್ಕನನ್ನು ಕೊಡಬಹುದು ಅನ್ನಿಸಿತು.

ಮಾಮಾ ಇನ್ನೂ ಗೋಡೆಗೆ ಒರಗಿ ನಿಂತಿದ್ದರು. "ರಕ್ತ ಯಾಕ ಸೋರ್ತದ? ಕರಗಸೋದು ಹೆಪ್ಪು ಅಲ್ಲೇನು?"

"ನೀರಿಲ್ದೆ ಒಣಗಿದ ಕಾಲುವಿ ನೋಡಿರ್ತೀರಿ. ದಂಡಿ ಬಿರುಕು ಬಿಟ್ಟಿರ್ತದ. ಮುಚ್ಚಿದ್ದು ತೆಗದು ನೀರು ಬಿಟ್ರ ಹೊಲ ಉಳೀತದ. ಆದ್ರ ಭಾಳ ತಡಾ ಆಗಿದ್ರ, ನೀರು ಭಾಳ ರಭಸದಿಂದ ಬಂದ್ರ, ದಂಡಿ ಒಡೀತದ. ಅದಕ್ಕೇ ಜಲ್ದಿ ಬಿಡಬೇಕು, ರಭಸ ಕಡಿಮಿ ಮಾಡಿ ಬಿಡಬೇಕು. ಬಿ.ಪಿ. ಇಳಸೋದು ಅದಕ್ಕ."

ಮಾಮಾ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಹೂಂ ಎಂದು ನಾನೊಬ್ಬಳೇ ಹೇಳಿ, ಆಮೇಲೆ ಏನಾದರೂ ಆದರೆ ಅವರ ಮುಖ ಹೇಗೆ ನೋಡಲಿ. ಬೇಡವೆಂದು ಅವರು ಹೇಳಿ ಅಕ್ಕ ಮೂಕಿಯಾಗಿ ಉಳಿದರೆ ಅವರು ಹೇಗೆ ಬದುಕಲಿ.

ಆಗ ಡಾಕ್ಟರಮ್ಮ ನಾವಿಬ್ಬರೂ ಮರೆತಿದ್ದ ಕೆಲಸವೊಂದನ್ನು ಮಾಡಿದರು. ಅಕ್ಕನ ಕಡೆ ಬಾಗಿದರು.

"ಅಕ್ಕೋರೆ, ನಾವು ಮಾತಾಡಿದ್ದು ಕೇಳಸ್ತಾ? ಕಣ್ಣು ಮುಚ್ಚಿ ತೆಗೀರಿ."

ಅಕ್ಕ ಕಣ್ಣು ಮುಚ್ಚಿ ತೆಗೆದಳು.

"ಮೂಗು ಮುಟ್ಟ್ರಿ."

ಎಡಗೈ ಮೇಲಕ್ಕೆ ಬಂದು ಮೂಗು ಮುಟ್ಟಿತು. ಮಾತು ಹೋಗಿದೆ, ತಿಳಿವು ಹೋಗಿಲ್ಲ ಎಂದು ಡಾಕ್ಟರಮ್ಮ ನಮಗೆ ಹೇಳಿ ಮತ್ತೆ ಅವಳತ್ತ ತಿರುಗಿದರು. ನಮಗೆ ಹೇಳಿದ್ದನ್ನೆಲ್ಲ ಅವಳಿಗೆ ಇನ್ನೂ ಸಣ್ಣ ಮಾತುಗಳಲ್ಲಿ ಹೇಳಿದರು. ಸೋರುವ ರಕ್ತದ ಮಾತನ್ನೂ ಬಿಡಲಿಲ್ಲ. ಕೊನೆಗೆ, "ಸೂಜಿ ಬೇಕಂದ್ರ ಎಡಗೈ ಎತ್ರಿ. ಬ್ಯಾಡಂದ್ರ ಕಣ್ಣು ಮುಚ್ಚಿ ಮಲಗ್ರಿ," ಎಂದರು.

ಅಕ್ಕ ಎಡಗೈ ಎತ್ತಿದಳು. ನೇರ ಮೇಲಕ್ಕೆ, ಅಂಗನವಾಡಿಯ ಮಕ್ಕಳು ಹಾಜರಿಗೆ ಕೈ ಎತ್ತುವಂತೆ.

ಡಾಕ್ಟರಮ್ಮ ಅಷ್ಟಕ್ಕೇ ನಂಬಲಿಲ್ಲ. "ಈಗ ಉಲ್ಟಾ ಕೇಳ್ತೀನಿ. ಬ್ಯಾಡಂದ್ರ ಕೈ ಎತ್ರಿ. ಬೇಕಂದ್ರ ಕಣ್ಣು ಮುಚ್ರಿ."

ಕೈ ಹಾಸಿಗೆಯ ಮೇಲೆ ಹಾಗೇ ಇತ್ತು. ಅಕ್ಕ ಕಣ್ಣು ಮುಚ್ಚಿದಳು. ಮುಚ್ಚಿಯೇ ಇದ್ದಳು, ನಾವು ಕಂಡೆವೋ ಇಲ್ಲವೋ ಎಂಬ ಅನುಮಾನಕ್ಕೆ ಇರಬೇಕು.

ಮಾಮಾ ಗೋಡೆ ಬಿಟ್ಟು ಮುಂದೆ ಬಂದರು. "ಆಕಿ ಹೇಳ್ಯಾಳಲ್ಲ," ಎಂದರು. "ಕೊಡ್ರಿ."

ಬಿ.ಪಿ. ಇಳಿಸಲು ಔಷಧ ಹಾಕಿದರು. ಅದು ಇಳಿಯುವವರೆಗೆ ನಾನು ಆ ಯಂತ್ರದ ಕೆಂಪು ಅಂಕಿಗಳನ್ನೇ ನೋಡುತ್ತಿದ್ದೆ. ಇಳಿಯಿತು. ಹೆಪ್ಪು ಕರಗಿಸುವ ಔಷಧವನ್ನು ಸ್ವಲ್ಪ ಒಮ್ಮೆಲೇ ಕೊಟ್ಟು, ಉಳಿದದ್ದನ್ನು ನಿಧಾನವಾಗಿ ನಾಳದೊಳಗೆ ಬಿಟ್ಟರು. ನರ್ಸ್ ಒಬ್ಬಳು ಅಲ್ಲಿಯೇ ನಿಂತು ಮತ್ತೆ ಮತ್ತೆ ಬಿ.ಪಿ. ನೋಡುತ್ತ, "ಅಕ್ಕೋರೆ, ಕೈ ಹಿಸುಕ್ರಿ, ನಗ್ರಿ," ಎನ್ನುತ್ತಿದ್ದಳು. ಔಷಧ ಮುಗಿಯುವ ಹೊತ್ತಿಗೆ ಅಕ್ಕನ ಬಲಗೈಯ ಬೆರಳುಗಳು ನರ್ಸಿನ ಬೆರಳನ್ನು ಮೆಲ್ಲಗೆ ಹಿಡಿದವು. ಮಾಮಾ ಅದನ್ನು ನೋಡಿ ಹೊರಗೆ ಹೋದರು. ತಿರುಗಿ ಬಂದಾಗ ಮುಖ ತೊಳೆದುಕೊಂಡಿದ್ದರು.

ಆದರೆ ಸಂಜೆಗೆ ಅಕ್ಕ ಎಡಗೈಯಿಂದ ಹಣೆ ಒತ್ತಿಕೊಳ್ಳತೊಡಗಿದಳು. ಒಸಡಿನಿಂದ ಒಂದಿಷ್ಟು ರಕ್ತ ಬಂದು ತುಟಿಯ ಅಂಚಿನಲ್ಲಿ ನಿಂತಿತು. ಒಸಡಿನ ರಕ್ತಕ್ಕೆ ಹೆದರಬೇಡಿ, ಈ ಔಷಧಕ್ಕೆ ಅದು ಆಗುತ್ತದೆ, ತಲೆನೋವು ಮಾತ್ರ ನೋಡಬೇಕು ಎಂದು ನಮಗೆ ಹೇಳಿ ನರ್ಸ್ ಡಾಕ್ಟರಮ್ಮನನ್ನು ಕರೆದಳು. ಅವರು ಬಂದವರೇ ಮತ್ತೆ ಸ್ಕ್ಯಾನ್ ಎಂದರು. ಹಾಸಿಗೆ ಉರುಳಿಕೊಂಡು ಹೋಯಿತು. ಮಾಮಾ ಮತ್ತು ನಾನು ಬೆಂಚಿನ ಮೇಲೆ ಕುಳಿತೆವು. ಮಾಮಾ ನನಗೆ ಒಂದು ಮಾತು ಅನ್ನಬಹುದಿತ್ತು. "ನೋಡಿದಿ?" ಎಂದು ಕೇಳಬಹುದಿತ್ತು. ಕೇಳಲಿಲ್ಲ. ಬದಲಿಗೆ, "ನೀ ಮುಂಜಾನಿಂದ ಏನೂ ತಿಂದಿಲ್ಲ," ಎಂದು ಎದ್ದು ಹೋಗಿ ಎರಡು ಬಾಳೆಹಣ್ಣು ತಂದು ನನ್ನ ಕೈಯಲ್ಲಿಟ್ಟರು. ನಾವು ಒಂದೊಂದು ತಿಂದೆವು. ರುಚಿ ಗೊತ್ತಾಗಲಿಲ್ಲ.

ಡಾಕ್ಟರಮ್ಮ ಹೊರಗೆ ಬಂದು ನಮ್ಮ ಪಕ್ಕದಲ್ಲೇ ಬೆಂಚಿನ ಮೇಲೆ ಕುಳಿತರು.

"ರಕ್ತ ಸೋರ್ಯದ," ಎಂದರು. ಕೂಡಲೇ ಮಾಮಾನ ಮೊಣಕೈ ಹಿಡಿದರು. "ಪೂರ್ತಿ ಕೇಳ್ರಿ. ಸಣ್ಣ ಸಣ್ಣ ಚುಕ್ಕಿ ಅಷ್ಟೇ, ಹೆಪ್ಪಿನಿಂದ ಪೆಟ್ಟು ಬಿದ್ದ ಜಾಗದ ಒಳಗೇ. ಗಡ್ಡಿ ಕಟ್ಟಿಲ್ಲ, ಮೆದುಳನ್ನ ಒತ್ತಲಿಕತ್ತಿಲ್ಲ. ಕೈ ಮುಂಜಾನಿಗಿಂತ ಚಲೋ ಅದ. ಇಂಥ ಚುಕ್ಕಿ ಭಾಳ ಸಲ ತಾವೇ ಆರಿ ಹೋಗ್ತಾವ. ಬಿ.ಪಿ. ಏರದಂಗ ನೋಡ್ತೀವಿ. ನಾಳಿಗಿ ಇನ್ನೊಮ್ಮಿ ಸ್ಕ್ಯಾನ್ ಮಾಡಿ ಹೇಳ್ತೀನಿ."

"ಆಕಿ ಉಳೀತಾಳೇನ್ರಿ?" ಮಾಮಾನ ದನಿ ನನಗೂ ಸರಿಯಾಗಿ ಕೇಳಲಿಲ್ಲ.

"ಉಳೀತಾರಂತ ನಂಬೀನಿ. ಫಿಕರ್ ಇಲ್ಲಂತ ಮಾತ್ರ ಹೇಳಂಗಿಲ್ಲ. ನಾಳಿ ತನಕ ನನಗೂ ಫಿಕರ್ ಅದ."

ಮರುದಿನ ನಮ್ಮ ತವರೂರು ಚಿಮ್ಮನಚೋಡದಿಂದ ಅವ್ವ ಬಂದಳು. ಬಸ್ಸು ಬದಲಿಸಿ, ಕೇಳುತ್ತ ಕೇಳುತ್ತ ಒಬ್ಬಳೇ ಬಂದಿದ್ದಳು. ಸ್ಕ್ಯಾನಿನ ಫಲಿತಾಂಶಕ್ಕೆ ಕಾಯುತ್ತ ನಾವು ಚುಕ್ಕಿ, ಬಿ.ಪಿ., ಸಕ್ಕರೆ ಎಂದು ಮಾತಾಡುತ್ತಿದ್ದರೆ ಅವಳು, "ನೀವಿಬ್ರೂ ಲೆಕ್ಕಾ ಮಾಡ್ಕೊಂತ ಕುಂದ್ರಿ, ನಾ ನನ್ನ ಮಗಳ ತಲಿ ಬಾಚ್ತೀನಿ," ಎಂದು ಒಳಗೆ ಹೋದಳು. ಈಗ ತಲೆ ಮುಟ್ಟಬೇಡಿ ಎಂದು ನರ್ಸ್ ತಡೆದಾಗ ಅಕ್ಕನ ಕಾಲ ಬಳಿ ಕುಳಿತು ಊರಿನ ಸುದ್ದಿ ಶುರುಮಾಡಿದಳು. ತೊಗರಿ ಹೂ ಬಿಟ್ಟದ್ದು, ಪಕ್ಕದ ಮನೆಯ ಎಮ್ಮೆ ಕರು ಹಾಕಿದ್ದು. ಕರುವಿನ ಹಣೆಯ ಮೇಲೆ ಬಿಳಿ ಮಚ್ಚೆ ಇದೆ ಎಂದಾಗ ಅಕ್ಕನ ಬಾಯಿಂದ ಮೊದಲ ಶಬ್ದ ಬಂತು. "ಅವ್ವ." ಸೊಟ್ಟ ಬಾಯಿಯ, ಅರ್ಧ ಗಾಳಿಯ "ಅವ್ವ". ಅವ್ವ ಮಾತು ನಿಲ್ಲಿಸಲಿಲ್ಲ. "ಹಾಂ, ಹೇಳವ್ವಾ," ಎಂದು ಕಣ್ಣೊರೆಸಿಕೊಂಡು ಕರುವಿನ ಸುದ್ದಿಯನ್ನೇ ಮುಂದುವರಿಸಿದಳು.

ಚುಕ್ಕಿಗಳು ಬೆಳೆದಿರಲಿಲ್ಲ.

ಅಲ್ಲಿಂದ ಮುಂದೆ ಎಲ್ಲ ನಿಧಾನ. ಕಾಲು ಬೇಗ ಬಂತು, ಕೈ ತಡವಾಗಿ ಬಂತು, ಮಾತು ಎಲ್ಲಕ್ಕಿಂತ ಹಿಂದೆ ಉಳಿಯಿತು. ಮಾತಿನ ವ್ಯಾಯಾಮಕ್ಕೆ ಮಾಮಾ ಅವಳನ್ನು ವಾರವಾರ ಕಲಬುರಗಿಗೆ ಕರೆದೊಯ್ದರು. ಅಷ್ಟು ಮೌನದ ಮನುಷ್ಯ ಮನೆಯಲ್ಲಿ ಅವಳ ಮುಂದೆ ಕುಳಿತು, "ಇದು ತಾಟು. ಅನ್ನು, ತಾಟು. ಇದು ತಂಬಿಗಿ," ಎಂದು ದಿನವಿಡೀ ಮಾತಾಡುವುದನ್ನು ನಾನು ಕಂಡಿದ್ದೇನೆ. ಅಕ್ಕ ಒಮ್ಮೊಮ್ಮೆ ಸಿಟ್ಟಿಗೆದ್ದು ತಂಬಿಗೆಯನ್ನು ತಳ್ಳುತ್ತಿದ್ದಳು. ಅವರು ಎತ್ತಿಟ್ಟು ಮತ್ತೆ ಶುರುಮಾಡುತ್ತಿದ್ದರು. ಬಿ.ಪಿ. ಗುಳಿಗೆ, ಸಕ್ಕರೆ ಗುಳಿಗೆ ತಪ್ಪಿಸುವುದು ಅವಳ ಹಳೆಯ ಚಾಳಿ. ಈಗ ಅವಳು ನುಂಗುವವರೆಗೆ ಮಾಮಾ ನೀರಿನ ಲೋಟ ಹಿಡಿದು ಮುಂದೆ ನಿಂತಿರುತ್ತಾರೆ.

ಅವಳು ಅಂಗನವಾಡಿಗೆ ತಿರುಗಿ ಹೋದಾಗ ಸಹಾಯಕಿ ಹಾಡು ಹೇಳಿಕೊಡುತ್ತಿದ್ದಳು, ಅಕ್ಕ ಚಿತ್ರ ತೋರಿಸುತ್ತಿದ್ದಳು. ಬುಟ್ಟಿಯ ಚಿತ್ರ ತೋರಿಸಿ "ಬೆಕ್ಕು" ಎಂದರೆ ಮಕ್ಕಳು, "ಬೆಕ್ಕಲ್ರಿ ಟೀಚರ್, ಬುಟ್ಟಿ," ಎನ್ನುತ್ತಿದ್ದವು. ಅವಳು "ಬುಟ್ಟಿ" ಎನ್ನುತ್ತಿದ್ದಳು. ಅವಕ್ಕೆ ಅದು ಆಟ. ಆ ಮಕ್ಕಳ ನಡುವೆ ಅವಳ ಮಾತು ಆಸ್ಪತ್ರೆಗಿಂತ ಬೇಗ ಕೂಡಿಬಂತು ಎಂದು ನಾನು ನಂಬಿದ್ದೇನೆ. ಇವತ್ತಿಗೂ ದಣಿದಾಗ ಅವಳಿಗೆ ಶಬ್ದ ಸಿಗುವುದಿಲ್ಲ. ಬಲಗೈಯಿಂದ ಬರೆದರೆ ಅಕ್ಷರಗಳು ಕೆಳಗೆ ಇಳಿಯುತ್ತವೆ. ಉಳಿದಂತೆ ಅವಳು ನನ್ನ ಅಕ್ಕನೇ. ನಾನು ಸೀರೆ ಉಟ್ಟದ್ದು ಸರಿಯಿಲ್ಲ ಎಂದು ಹೇಳಲು ಅವಳಿಗೆ ಶಬ್ದ ಕಡಿಮೆ ಬೀಳುವುದಿಲ್ಲ.

ಈ ವರ್ಷ ಬೇಸಿಗೆಗೆ ಮುಂಚೆ ಇನ್ನೊಂದು ನಡೆಯಿತು. ಮಾಮಾನ ಜೊತೆ ಕೆಲಸ ಮಾಡುವವರೊಬ್ಬರ ತಾಯಿ ವಾಡಿಯಲ್ಲಿ ಇರುತ್ತಾಳೆ. ಭಾಳ ವಯಸ್ಸಾದ ಮುದುಕಿ. ಒಂದು ಮುಂಜಾನೆ ಅವಳು ಎದ್ದಾಗಲೇ ಎಡಗೈ ಎಡಗಾಲು ಬಿದ್ದಿದ್ದವು. ಮಗ ಮಾಮಾನಿಗೆ ಫೋನು ಮಾಡಿದ. ಮಾಮಾ ಯಂತ್ರ ನಿಲ್ಲಿಸಿ ಹೋಗಿ ಅವರನ್ನು ಅದೇ ಆಸ್ಪತ್ರೆಗೆ ಒಯ್ದರು. ಅದೇ ಡಾಕ್ಟರಮ್ಮ ಇದ್ದರು. ಎಲ್ಲ ನೋಡಿ, ಸೂಜಿ ಕೊಡುವುದಿಲ್ಲ ಎಂದರು. ಯಾವಾಗ ಆಯಿತೋ ಗೊತ್ತಿಲ್ಲ, ಸ್ಕ್ಯಾನಿನಲ್ಲಿ ಮೆದುಳಿನ ದೊಡ್ಡ ಭಾಗ ಆಗಲೇ ಸತ್ತು ಕಪ್ಪಾಗಿದೆ, ಮುದುಕಿ ಹೃದಯಕ್ಕೆಂದು ರಕ್ತ ತೆಳ್ಳಗೆ ಮಾಡುವ ಗುಳಿಗೆ ನುಂಗುತ್ತಾಳೆ.

ಮಗ ಸಿಟ್ಟಿಗೆದ್ದ. "ನಿಮ್ಮ ಮನ್ಯಾಕಿಗಿ ಕೊಟ್ಟಾರ, ನಮ್ಮವ್ವಗ ಯಾಕ ಕೊಡಂಗಿಲ್ಲ?"

ಮಾಮಾ ಅವನನ್ನು ಹೊರಗೆ ಕರೆದೊಯ್ದು ಕಾಲುವೆಯ ಮಾತು ಹೇಳಿದರಂತೆ. ಬಿರುಕು ಬಿಟ್ಟ ದಂಡೆ, ರಭಸದ ನೀರು. "ಅವತ್ತು ಆ ಡಾಕ್ಟರ್ ಬಾಯೋರು ಕೊಡ್ತೀನಿ ಅಂದಾಗ ಲೆಕ್ಕಾ ಹಾಕೇ ಅಂದಿದ್ರು. ಇವತ್ತು ಬ್ಯಾಡ ಅನ್ನೋದೂ ಅದೇ ಲೆಕ್ಕ. ಅವತ್ತು ನಂಬಿದ್ದೆ, ಇವತ್ತೂ ನಂಬತೀನಿ," ಎಂದರಂತೆ. ಇದನ್ನು ನನಗೆ ಹೇಳಿದ್ದು ಆ ಮಗನೇ. ಮಾಮಾ ಅಷ್ಟು ಮಾತಾಡಿದ್ದನ್ನು ಅವನು ಅದಕ್ಕೆ ಮುಂಚೆ ಕೇಳಿರಲಿಲ್ಲವಂತೆ.

ಮುದುಕಿ ಉಳಿದಳು. ಬೇರೆ ಔಷಧ, ಆರೈಕೆ, ಕೈಕಾಲಿನ ವ್ಯಾಯಾಮ ನಡೆಯಿತು. ಈಗ ಎದ್ದು ಕೂಡುತ್ತಾಳೆ, ಹಿಡಿದುಕೊಂಡರೆ ಬಾಗಿಲವರೆಗೆ ಬರುತ್ತಾಳೆ. ಹೋದ ತಿಂಗಳು ಅಕ್ಕ, "ನಡಿ, ನೋಡ್ಕೊಂಡು ಬರೋಣ," ಎಂದಳು. ಮಧ್ಯಾಹ್ನದ ಹೊತ್ತಿಗೆ ನಾವಿಬ್ಬರೂ ವಾಡಿಗೆ ಹೋದೆವು. ಮುದುಕಿ ಪಡಸಾಲೆಯಲ್ಲಿ ಹಗ್ಗದ ಹೊರಸಿನ ಮೇಲೆ ಕುಳಿತಿದ್ದಳು. ಮುದುಕಿಗೆ ನಾಲಗೆ ತಡ, ಅಕ್ಕನಿಗೆ ಶಬ್ದ ತಡ. ಒಂದು ಮಾತು ಆಚೆಯಿಂದ ಈಚೆಗೆ ಬರಲು ಸಾಕಷ್ಟು ಹೊತ್ತು ಹಿಡಿಯುತ್ತಿತ್ತು. ಮನೆಯವರು ಯಾರೂ ನಡುವೆ ಬಾಯಿ ಹಾಕಲಿಲ್ಲ.

ಮುದುಕಿ ಕೇಳಿದಳು, "ನಿನಗ ಆ ಸೂಜಿ ಕೊಟ್ರಂತ. ನನಗ ಯಾಕ ಕೊಡಲಿಲ್ಲ?"

ಅಕ್ಕ ಶಬ್ದ ಹುಡುಕಿದಳು. ನಾನು ಹೇಳಿಕೊಡಲು ಹೋಗಲಿಲ್ಲ.

"ನಿನ್ನ," ಎಂದಳು. ತಡೆದಳು. "ಉಳಸ್ಲಿಕ್ಕ."

ಮುದುಕಿ "ಹಂಗಂತಿ?" ಎಂದು, ಹೊರಸಿನ ಮೇಲೆ ಪಕ್ಕಕ್ಕೆ ಸರಿಯಲು ಹವಣಿಸಿದಳು. "ಹಂಗಾದ್ರ ಇಲ್ಲಿ ಕುಂದುರು. ಊಟಾ ಮಾಡ್ಕೊಂಡೇ ಹೋಗು."